ಶಾಲೆಗೋ, ಮನೆಯಲ್ಲೋ, ಮಾಸ್ಕ್ ಯಾವುದು: ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ

ಕೋವಿಡ್ ಕಾಲದಲ್ಲಿ ಮಗಳ ಶಾಲೆಯಿಂದ ಬಂದ ಒಪ್ಪಿಗೆ ಪತ್ರದಲ್ಲಿ ಮೂರು ಚೌಕಗಳಿದ್ದವು: ಪೂರ್ತಿ ಶಾಲೆ, ದಿನ ಬಿಟ್ಟು ದಿನ, ಪೂರ್ತಿ ಆನ್‌ಲೈನ್. ಒಂದಕ್ಕೆ ಗುರುತು ಹಾಕಿ, ಸಹಿ ಮಾಡಿ ಕೊಡಬೇಕಿತ್ತು. ಆ ಹಾಳೆ ನಾಲ್ಕು ದಿನ ಮೇಜಿನ ಮೇಲೆಯೇ ಬಿದ್ದಿತ್ತು. ರಾತ್ರಿ ನಾನು ಪೆನ್ಸಿಲ್ಲಿನಲ್ಲಿ ಒಂದು ಚೌಕ ತುಂಬುವುದು, ಬೆಳಿಗ್ಗೆ ಹೆಂಡತಿ ಅಳಿಸುವುದು. ಅವಳು ತುಂಬಿದ್ದನ್ನು ನಾನು ಅಳಿಸುವುದು. ಕೊನೆಗೆ ನಡುವಿನ ಚೌಕವಿದ್ದ ಜಾಗದಲ್ಲಿ ಕಾಗದವೇ ತೂತಾಯಿತು.

ಜಗಳ ಬಗೆಹರಿಯದ ಕಾರಣ ಆಮೇಲೆ ಹೊಳೆಯಿತು. ನಾನು ಮಾತನಾಡುತ್ತಿದ್ದುದು ಮಗಳ ಓದಿನ ಬಗ್ಗೆ, ಅವಳು ಮಾತನಾಡುತ್ತಿದ್ದುದು ಮನೆಯಲ್ಲಿದ್ದ ನನ್ನ ಅಮ್ಮನ ಶ್ವಾಸಕೋಶದ ಬಗ್ಗೆ. ಇಬ್ಬರ ಮಾತೂ ಸರಿಯೇ, ಆದರೆ ತೂಗುತ್ತಿದ್ದ ತಕ್ಕಡಿ ಬೇರೆ ಬೇರೆ. ಸೋಂಕಿನ ಹೊಸ ಅಲೆಯ ಸುದ್ದಿ ಬಂದಾಗಲೆಲ್ಲ ಪರಿಚಯದ ತಂದೆತಾಯಂದಿರು ಈಗಲೂ ಇದೇ ಪ್ರಶ್ನೆ ಹೊತ್ತು ಬರುತ್ತಾರೆ. ಚೌಕಗಳ ಮಾತು ಆಮೇಲೆ, ಮೊದಲು ಏನನ್ನು ತೂಗುತ್ತಿದ್ದೀರಿ ಎಂದು ಗಂಡ ಹೆಂಡತಿ ಕುಳಿತು ಬರೆದುಕೊಳ್ಳಿ ಎನ್ನುತ್ತೇನೆ.

ತೂಗಬೇಕಾದದ್ದು ಏನೇನು

ಎಲ್ಲಕ್ಕಿಂತ ಮೊದಲು, ಈ ರೋಗ ಯಾರನ್ನು ಹೆಚ್ಚಾಗಿ ಕಾಡುತ್ತದೆ? ಕೋವಿಡ್‌ನಲ್ಲಿ ವಯಸ್ಸಾದಂತೆ ಅಪಾಯ ಏರುತ್ತಿತ್ತು. ಮಕ್ಕಳಲ್ಲಿ ತೀವ್ರ ಕಾಯಿಲೆ ಅಪರೂಪ. 1918ರ ಫ್ಲೂ ಹಾಗಿರಲಿಲ್ಲ, ಇಪ್ಪತ್ತರಿಂದ ನಲವತ್ತರ ನಡುವಿನ ಗಟ್ಟಿಮುಟ್ಟಾದವರನ್ನೇ ಅದು ಹೆಚ್ಚಾಗಿ ಬಲಿ ತೆಗೆದುಕೊಂಡಿತು. 2009ರ ಎಚ್1ಎನ್1 ಸೋಂಕು ವೃದ್ಧರಿಗಿಂತ ಮಕ್ಕಳು ಮತ್ತು ಯುವಜನರಲ್ಲಿ ಹೆಚ್ಚು ಹರಡಿತು. ಪೋಲಿಯೊ ಅಂತೂ ಮಕ್ಕಳನ್ನೇ ಹುಡುಕಿಕೊಂಡು ಬಂದ ಕಾಯಿಲೆ. ಹೀಗಾಗಿ "ಕೋವಿಡ್‌ನಲ್ಲಿ ಮಕ್ಕಳಿಗೆ ಏನೂ ಆಗಲಿಲ್ಲವಲ್ಲ" ಎಂಬ ಮಾತನ್ನು ಮುಂದಿನ ಸೋಂಕಿಗೆ ಹಾಗೆಯೇ ಅಂಟಿಸಬೇಡಿ. ಕೆಳಗೆ ನಾನು ಬರೆಯುವುದು ಕೋವಿಡ್‌ನಂತೆ ಗಾಳಿಯಲ್ಲಿ ಹರಡುವ, ದೊಡ್ಡವರನ್ನು ಹೆಚ್ಚು ಬಾಧಿಸುವ ಕಾಯಿಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು. ಕಾಯಿಲೆ ಮಕ್ಕಳನ್ನೇ ಹಿಡಿಯುವಂಥದ್ದಾದರೆ ತಕ್ಕಡಿ ಪೂರ್ತಿ ಮನೆಯ ಕಡೆಗೆ ವಾಲುತ್ತದೆ, ಆಗ ಹೆಚ್ಚು ಯೋಚಿಸುವುದೇನೂ ಉಳಿಯುವುದಿಲ್ಲ.

ಎರಡನೆಯದು, ಮನೆಯಲ್ಲಿ ಯಾರಿದ್ದಾರೆ ಎಂಬುದು. ಮಗು ಶಾಲೆಯಿಂದ ತರುವ ಸೋಂಕು ನಿಲ್ಲುವುದು ಮಗುವಿನಲ್ಲಲ್ಲ. ಅಜ್ಜ ಅಜ್ಜಿ, ಕೀಮೊಥೆರಪಿಯಲ್ಲಿರುವವರು, ಅಂಗಾಂಗ ಕಸಿ ಮಾಡಿಸಿಕೊಂಡವರು, ಬಸುರಿಯರು ಮನೆಯಲ್ಲಿದ್ದಾರೆಯೇ? ಅವರಿಗೆ ಲಸಿಕೆ ಆಗಿದೆಯೇ? ಅವರಿಗೆ ಬೇರೆ ಕೋಣೆ ಕೊಡುವಷ್ಟು ಜಾಗವಿದೆಯೇ?

ಮೂರನೆಯದು ಮಗುವಿನ ಓದಿನ ಹಂತ. ಅಕ್ಷರ ಕೂಡಿಸಿ ಓದಲು ಕಲಿಯುತ್ತಿರುವ ಆರು ವರ್ಷದ ಮಗುವಿಗೆ ಒಂದು ವರ್ಷ ತಪ್ಪುವುದೂ, ತಾನೇ ಪುಸ್ತಕ ತೆರೆದು ಕೂರಬಲ್ಲ ಹದಿನಾಲ್ಕರ ಮಗುವಿಗೆ ಒಂದು ವರ್ಷ ತಪ್ಪುವುದೂ ಒಂದೇ ಅಲ್ಲ. ಶಾಲೆ ಮುಚ್ಚಿದ್ದರ ಬೆಲೆ ಚಿಕ್ಕದಲ್ಲವೆಂದು ಈಗ ಗೊತ್ತಾಗಿದೆ. ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಸರಳವಾದ ಬರಹವನ್ನು ಓದಿ ಅರ್ಥ ಮಾಡಿಕೊಳ್ಳಲಾರದ ಹತ್ತು ವರ್ಷದ ಮಕ್ಕಳ ಪ್ರಮಾಣ ಸಾಂಕ್ರಾಮಿಕಕ್ಕೆ ಮೊದಲು ಶೇ 57 ಇತ್ತು. ವಿಶ್ವ ಬ್ಯಾಂಕ್, ಯುನಿಸೆಫ್, ಯುನೆಸ್ಕೊ ಮೊದಲಾದವು 2022ರಲ್ಲಿ ಮಾಡಿದ ಅಂದಾಜಿನಲ್ಲಿ ಅದು ಶೇ 70ಕ್ಕೆ ಏರಿತು.

ನಾಲ್ಕನೆಯದು ತರಗತಿಯ ಗಾಳಿ. ಇದರ ಬಗ್ಗೆ ಮುಂದೆ ವಿವರವಾಗಿ ಹೇಳುತ್ತೇನೆ, ಏಕೆಂದರೆ ಹೆಚ್ಚಿನವರು ಕೇಳದೆ ಬಿಡುವ ಪ್ರಶ್ನೆ ಇದೇ. ಐದನೆಯದು ದುಡಿಮೆ: ಮಗು ಮನೆಯಲ್ಲಿದ್ದರೆ ಕೆಲಸ ಬಿಡುವವರು ಯಾರು, ಸಂಬಳ ಕಡಿತವನ್ನು ಮನೆ ಎಷ್ಟು ತಿಂಗಳು ತಾಳಬಲ್ಲದು? ಈ ಲೆಕ್ಕವನ್ನು ಮಾಡಲು ನಾಚಿಕೆಪಡಬೇಕಾಗಿಲ್ಲ. ಕೊನೆಯದಾಗಿ, ತೆಗೆದುಕೊಂಡ ತೀರ್ಮಾನವನ್ನು ಬದಲಿಸಲು ಶಾಲೆ ಬಿಡುತ್ತದೆಯೇ? ಎರಡು ವಾರಕ್ಕೊಮ್ಮೆ ಆಯ್ಕೆ ಬದಲಿಸಬಹುದಾದರೆ ಮೊದಲ ಆಯ್ಕೆ ತಪ್ಪಾದರೂ ನಷ್ಟ ಕಡಿಮೆ. ಇಡೀ ವರ್ಷಕ್ಕೆ ಕಟ್ಟಿಹಾಕುವ ಶಾಲೆಯಾದರೆ ಇನ್ನೂ ಎಚ್ಚರ ಬೇಕು.

ಕಿಟಕಿಯ ಪ್ರಶ್ನೆ

ಮಾಸ್ಕ್ ಕಡ್ಡಾಯವೋ ಅಲ್ಲವೋ ಎಂದು ಪೋಷಕರ ಸಭೆಯಲ್ಲಿ ಎರಡು ಗಂಟೆ ವಾದ ನಡೆದದ್ದನ್ನು ಕಂಡಿದ್ದೇನೆ. ಆ ಎರಡು ಗಂಟೆಯೂ ನಾವು ಕುಳಿತಿದ್ದ ಸಭಾಂಗಣದ ಕಿಟಕಿಗಳು ಮುಚ್ಚಿದ್ದವು.

ಉಸಿರಿನಲ್ಲಿ ಹೊರಬೀಳುವ ಸಣ್ಣ ಕಣಗಳು ಮುಚ್ಚಿದ ಕೋಣೆಯಲ್ಲಿ ಹೊಗೆಯಂತೆ ಗಂಟೆಗಟ್ಟಲೆ ತೇಲುತ್ತಿರುತ್ತವೆ. ಆರು ಅಡಿ ದೂರ ಕುಳಿತರೂ ಹೊಗೆ ತಲುಪದೇ ಇರುತ್ತದೆಯೇ? ಕೋಣೆಯ ಗಾಳಿ ಎಷ್ಟು ಹಳಸಿದೆ ಎಂದು ತಿಳಿಯಲು ಇಂಗಾಲದ ಡೈ ಆಕ್ಸೈಡ್ ಅಳೆಯುವ, ಅಂಗೈ ಅಗಲದ ಉಪಕರಣ ಸಿಗುತ್ತದೆ. ಬಯಲಿನಲ್ಲಿ ಅದು ಹತ್ತು ಲಕ್ಷಕ್ಕೆ ಸುಮಾರು 420 ಭಾಗ ತೋರಿಸುತ್ತದೆ. ನಾವು ಹೊರಬಿಡುವ ಉಸಿರಿನಲ್ಲಿ ಸುಮಾರು 40,000 ಇರುತ್ತದೆ. ತರಗತಿಯಲ್ಲಿ 1,500 ತೋರಿಸಿದರೆ, ಮಗು ಒಳಗೆಳೆದುಕೊಳ್ಳುವ ನೂರು ಪಾಲು ಗಾಳಿಯಲ್ಲಿ ಸುಮಾರು ಮೂರು ಪಾಲು ಆಗಲೇ ಯಾರದೋ ಶ್ವಾಸಕೋಶಕ್ಕೆ ಹೋಗಿ ಬಂದದ್ದು ಎಂದರ್ಥ. ಕಿಟಕಿ ತೆರೆದು 800ಕ್ಕೆ ಇಳಿಸಿದರೆ ಅದು ಒಂದು ಪಾಲಿಗೆ ಇಳಿಯುತ್ತದೆ. ಈ ಲೆಕ್ಕ ಅರ್ಥವಾದ ದಿನದಿಂದ ನಾನು ಶಾಲೆಯ ಗೇಟಿನಲ್ಲಿ ಹಣೆಗೆ ಹಿಡಿಯುವ ಥರ್ಮಾಮೀಟರನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದನ್ನು ಬಿಟ್ಟೆ. ಕೋವಿಡ್ ಸೋಂಕಿತರು ಲಕ್ಷಣ ಕಾಣುವ ಒಂದೆರಡು ದಿನ ಮೊದಲೇ ಸೋಂಕು ಹರಡಬಲ್ಲರು. ಆಗ ಹಣೆ ತಣ್ಣಗೇ ಇರುತ್ತದೆ.

ಇದು ಹೊಸ ಜ್ಞಾನವೇನೂ ಅಲ್ಲ. ಕ್ಷಯದ ಭಯವಿದ್ದ ಕಾಲದಲ್ಲಿ, 1904ರಲ್ಲಿ, ಬರ್ಲಿನ್ ಬಳಿಯ ಶಾರ್ಲಟನ್‌ಬುರ್ಗ್‌ನಲ್ಲಿ ಕಾಡಿನ ಮರಗಳ ನಡುವೆಯೇ ಶಾಲೆ ತೆರೆದರು. ನಾಲ್ಕು ವರ್ಷದ ಬಳಿಕ ಅಮೆರಿಕದ ಪ್ರಾವಿಡೆನ್ಸ್‌ನಲ್ಲೂ ಬಯಲು ಶಾಲೆ ಶುರುವಾಯಿತು. ಕೋಣೆಯ ಗಾಳಿಯನ್ನು ಸೋಸುವ ನಮ್ಮ ಕಾಲದ ಅಗ್ಗದ ಉಪಾಯವೊಂದು 2020ರಲ್ಲಿ ಅಮೆರಿಕದ ಎಂಜಿನಿಯರ್ ರಿಚರ್ಡ್ ಕೋರ್ಸಿ ಮತ್ತು ಫಿಲ್ಟರ್ ತಯಾರಕ ಜಿಮ್ ರೋಸೆಂಥಾಲ್ ಅವರ ಹೆಸರಿನಲ್ಲಿ ಪ್ರಸಿದ್ಧವಾಯಿತು: ಚೌಕಾಕಾರದ ಫ್ಯಾನ್, ಸಣ್ಣ ಕಣಗಳನ್ನು ಹಿಡಿಯುವ ಮರ್ವ್ 13 ದರ್ಜೆಯ ನಾಲ್ಕು ಫಿಲ್ಟರ್, ಒಂದು ರಟ್ಟು, ಒಂದಿಷ್ಟು ಅಂಟುಪಟ್ಟಿ. ಹಿರಿಯ ತರಗತಿಯ ಮಕ್ಕಳೇ ಒಂದು ಮಧ್ಯಾಹ್ನದಲ್ಲಿ ಕಟ್ಟಿಬಿಡಬಹುದು. ಹಣ ಕಡಿಮೆಯಿರುವ ಶಾಲೆಗೆ ಪೋಷಕರು ಏನಾದರೂ ಕೊಡಿಸುವುದಾದರೆ ಸ್ಯಾನಿಟೈಸರ್ ಡಬ್ಬಿಗಿಂತ ಇದು ಮೇಲು.

ಶಾಲೆಗೆ ಹೋಗಿ ಕೇಳಬೇಕಾದ್ದು ಇಷ್ಟೇ: ಕಿಟಕಿಗಳು ತೆರೆಯುತ್ತವೆಯೇ? ಎದುರುಬದುರು ತೆರೆಯುತ್ತವೆಯೇ? ಮಕ್ಕಳು ಊಟ ಮಾಡುವುದು ಎಲ್ಲಿ? ಊಟದ ಪ್ರಶ್ನೆ ಬಿಡಬೇಡಿ. ಬೆಳಗಿನಿಂದ ಮಾಸ್ಕ್ ಹಾಕಿಸಿದ ಶಾಲೆಯೂ ಊಟದ ಬಿಡುವಿನಲ್ಲಿ ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಮಾಸ್ಕ್ ತೆಗೆಸಿದರೆ, ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ.

ಚೌಕಗಳನ್ನು ಒಂದೊಂದಾಗಿ ನೋಡೋಣ

*ಪೂರ್ತಿ ಶಾಲೆ, ಮಾಸ್ಕ್ ಕಡ್ಡಾಯ.* ಗಾಳಿಯಾಡುವ ಕಟ್ಟಡವಿದ್ದು, ಮನೆಯಲ್ಲಿ ಸೂಕ್ಷ್ಮ ಆರೋಗ್ಯದವರು ಇಲ್ಲದಿದ್ದರೆ ಅಥವಾ ಅವರಿಗೆ ಲಸಿಕೆ ಆಗಿದ್ದರೆ, ನನ್ನ ಮೊದಲ ಆಯ್ಕೆ ಇದು. ಓದು, ಗೆಳೆತನ, ಆಟ ಎಲ್ಲವೂ ಸಿಗುತ್ತದೆ. ಮನೆಗಿಂತ ಶಾಲೆಯೇ ಕ್ಷೇಮ ಎನ್ನುವ ಸಂದರ್ಭವೂ ಉಂಟು. 1918ರಲ್ಲಿ ಅನೇಕ ನಗರಗಳು ಶಾಲೆ ಮುಚ್ಚಿದಾಗ ನ್ಯೂಯಾರ್ಕ್ ತೆರೆದೇ ಇಟ್ಟಿತು. ಇಕ್ಕಟ್ಟಿನ ವಠಾರಗಳಲ್ಲಿ ಮಕ್ಕಳನ್ನು ಕೂಡಿಹಾಕುವುದಕ್ಕಿಂತ, ಬೆಳಕು ಗಾಳಿ ಇರುವ ಶಾಲೆಯಲ್ಲಿ ದಿನವೂ ತಪಾಸಣೆ ಮಾಡುವುದು ಲೇಸೆಂದು ಅಲ್ಲಿನ ಆರೋಗ್ಯಾಧಿಕಾರಿಗಳು ವಾದಿಸಿದರು. ಒಂದೇ ಕೋಣೆಯ ಮನೆಯಲ್ಲಿ ಐದಾರು ಜನ ಬದುಕುವವರಿಗೆ ಆ ವಾದ ಇಂದಿಗೂ ಹೊಂದುತ್ತದೆ. ಇದರ ತೊಂದರೆ ಎಂದರೆ ಏಳೆಂಟು ಗಂಟೆ ಮಾಸ್ಕ್ ತೊಡುವ ಕಿರಿಕಿರಿ, ಮತ್ತು ಶಿಕ್ಷಕರ ಬಾಯಿ ಕಾಣದೆ ಉಚ್ಚಾರಣೆ ಕಲಿಯುವ ಚಿಕ್ಕಮಕ್ಕಳ ಕಷ್ಟ.

*ಪೂರ್ತಿ ಶಾಲೆ, ಮಾಸ್ಕ್ ಅವರವರ ಇಷ್ಟ.* ಹರಡುವಿಕೆ ತಗ್ಗಿದಾಗ ಇದು ಸಾಕು. ಏರುತ್ತಿರುವಾಗ ಇದರ ತೊಡಕು ತಿಳಿದಿರಲಿ. ಮಾಸ್ಕ್ ಎರಡು ಕೆಲಸ ಮಾಡುತ್ತದೆ: ತೊಟ್ಟವರನ್ನು ಒಂದಿಷ್ಟು ಕಾಯುತ್ತದೆ, ತೊಟ್ಟವರಿಂದ ಉಳಿದವರನ್ನೂ ಕಾಯುತ್ತದೆ. ಎಲ್ಲರೂ ತೊಡದಿದ್ದರೆ ಎರಡನೆಯದು ಕೈಬಿಟ್ಟುಹೋಗುತ್ತದೆ, ನಿಮ್ಮ ಮಗುವಿಗೆ ಉಳಿಯುವುದು ಮೊದಲನೆಯದಷ್ಟೇ. ಅದಕ್ಕೆ ಬಟ್ಟೆಯ ಮಾಸ್ಕ್ ಸಾಲದು. ಸರಿಯಾಗಿ ಕೂರುವ ಒಳ್ಳೆಯ ದರ್ಜೆಯದ್ದೇ ಬೇಕು. ಇನ್ನೊಂದು ವಿಷಯ, ಇಡೀ ತರಗತಿಯಲ್ಲಿ ತಾನೊಬ್ಬನೇ ಮಾಸ್ಕ್ ತೊಡುವ ಧೈರ್ಯ ಎಲ್ಲ ಮಕ್ಕಳಿಗೂ ಇರುವುದಿಲ್ಲ. ಹನ್ನೆರಡರ ಹುಡುಗ ಗೇಟು ದಾಟಿದ ಮೇಲೆ ಅದನ್ನು ಜೇಬಿಗಿಳಿಸುತ್ತಾನೆ ಎಂದು ಗೊತ್ತಿದ್ದರೆ, ಅವನು ತೊಡುತ್ತಾನೆ ಎಂದು ನಂಬಿ ಲೆಕ್ಕ ಹಾಕಬೇಡಿ.

*ದಿನ ಬಿಟ್ಟು ದಿನ.* ಹಗ್ಗ ಹರಿಯಬಾರದು, ಕೋಲು ಮುರಿಯಬಾರದು ಎನ್ನುವವರ ಆಯ್ಕೆ. ಕೋಣೆಯಲ್ಲಿ ಅರ್ಧ ಜನ ಎಂದರೆ ಉಸಿರೂ ಅರ್ಧ. ಕಿಟಕಿ ಕಡಿಮೆಯಿರುವ ಕಟ್ಟಡದಲ್ಲಿ ಇದು ನಿಜವಾದ ಲಾಭ. ಆದರೆ ಬಿಡುವಿನ ದಿನ ಮಗು ಎಲ್ಲಿರುತ್ತದೆ ಎಂದು ಕೇಳಿಕೊಳ್ಳಿ. ನೆರೆಮನೆಯಲ್ಲಿ, ಟ್ಯೂಷನ್‌ನಲ್ಲಿ, ಇನ್ನೊಂದು ಗುಂಪಿನ ಮಕ್ಕಳ ಜೊತೆ ಆಟದಲ್ಲಿ ಎಂದಾದರೆ ಬೆರೆಯುವ ಮಕ್ಕಳ ಸಂಖ್ಯೆ ಕಡಿಮೆಯಾಗುವ ಬದಲು ಹೆಚ್ಚಾಗುತ್ತದೆ. ದುಡಿಯುವ ಪೋಷಕರಿಗಂತೂ ಇದು ಎರಡೂ ಕಡೆಯ ಕಷ್ಟ: ಕಚೇರಿಗೂ ಪೂರ್ತಿ ಹೋಗಲಾಗದು, ಮನೆಯಲ್ಲೂ ಪೂರ್ತಿ ಇರಲಾಗದು. ಶಿಕ್ಷಕರು ಎದುರಿಗಿರುವ ಅರ್ಧ ತರಗತಿಗೂ ಪರದೆಯಲ್ಲಿರುವ ಅರ್ಧ ತರಗತಿಗೂ ಒಟ್ಟಿಗೆ ಪಾಠ ಮಾಡಬೇಕಾದ ಶಾಲೆಯಲ್ಲಿ ಎರಡೂ ಕಡೆಯ ಮಕ್ಕಳು ಅರ್ಧರ್ಧ ಕಲಿಯುತ್ತಾರೆ. ಶಾಲೆಯಲ್ಲಿಲ್ಲದ ದಿನಕ್ಕೆ ಬರೀ ಮನೆಗೆಲಸ ಕೊಡುವ ಶಾಲೆ ಇದಕ್ಕಿಂತ ವಾಸಿ.

*ಪೂರ್ತಿ ಆನ್‌ಲೈನ್.* ಮನೆಯಲ್ಲಿ ಗಂಭೀರ ಕಾಯಿಲೆಯವರಿದ್ದು ಅವರನ್ನು ಬೇರೆ ಇರಿಸಲು ಜಾಗವಿಲ್ಲದಿದ್ದರೆ ಬೇರೆ ದಾರಿ ಯೋಚಿಸಬೇಡಿ, ಇದನ್ನೇ ಆರಿಸಿ. ಅಲೆ ಏರುತ್ತಿರುವ ಕೆಲವು ವಾರಗಳಿಗೂ ಇದು ಸರಿ. ದೂರದಿಂದ ಪಾಠ ಹೇಳುವುದು ಇಂಟರ್ನೆಟ್ ತಂದ ಸೋಜಿಗವೇನಲ್ಲ. 1937ರಲ್ಲಿ ಪೋಲಿಯೊ ಹರಡಿ ಶಾಲೆ ತೆರೆಯುವುದು ತಡವಾದಾಗ ಷಿಕಾಗೋದ ಮಕ್ಕಳು ರೇಡಿಯೊದಲ್ಲಿ ಪಾಠ ಕೇಳಿದ್ದರು. ಅದು ಕೆಲವೇ ವಾರಗಳ ಮಾತು. ವರ್ಷಗಟ್ಟಲೆ ನಡೆಸಲು ಬೇಕಾಗುವುದು ಒಂದು ಮೊಬೈಲ್ ಮಾತ್ರವಲ್ಲ. ಮಗುವಿಗೊಂದು ಪರದೆ, ಸದ್ದಿಲ್ಲದ ಮೂಲೆ, ಪಕ್ಕದಲ್ಲಿ ಕೂರಲು ಬಿಡುವಿರುವ ದೊಡ್ಡವರೊಬ್ಬರು. ಇಬ್ಬರು ಮಕ್ಕಳು, ಒಂದೇ ಫೋನು, ಅದೂ ಕೆಲಸಕ್ಕೆ ಹೋಗುವ ತಂದೆಯ ಕೈಯಲ್ಲಿ ಎಂದಾದರೆ ಅದನ್ನು ಆನ್‌ಲೈನ್ ಶಿಕ್ಷಣ ಎಂದು ಕರೆದುಕೊಳ್ಳುವುದು ಆತ್ಮವಂಚನೆ. ಎಂಟು ವರ್ಷದೊಳಗಿನ ಮಕ್ಕಳಿಗೆ ಇದು ಹೆಚ್ಚೇನೂ ಕಲಿಸದು ಎಂಬುದು ನನ್ನ ಅನುಭವ. ಹಿರಿಯ ಮಕ್ಕಳು ನಿಭಾಯಿಸುತ್ತಾರೆ, ಆದರೆ ಒಂಟಿತನದ ಬಗ್ಗೆ ಕಣ್ಣಿಟ್ಟಿರಿ.

ಪತ್ರದಲ್ಲಿ ಇಲ್ಲದ ಇನ್ನೊಂದು ಚೌಕವಿದೆ: ಮೂರು ನಾಲ್ಕು ಕುಟುಂಬಗಳು ಸೇರಿ, ಮಕ್ಕಳನ್ನು ಸರದಿಯಂತೆ ಒಂದೊಂದು ಮನೆಯಲ್ಲಿ ಕೂರಿಸಿ ಓದಿಸುವುದು. ದುಡಿಯುವವರಿಗೆ ವಾರದಲ್ಲಿ ಮೂರು ನಾಲ್ಕು ದಿನ ಉಳಿಯುತ್ತದೆ, ಮಗುವಿಗೆ ಜೊತೆ ಸಿಗುತ್ತದೆ. ಇದು ಮುರಿಯುವುದು ಸೋಂಕಿನಿಂದಲ್ಲ, ಸಂಕೋಚದಿಂದ. ಒಬ್ಬರ ಮನೆಯವರು ಸಮಾರಂಭಕ್ಕೆ ಹೋಗಿ ಬಂದರೆ ಉಳಿದವರಿಗೆ ಹೇಳಬೇಕೇ ಬೇಡವೇ? ಇಂಥವನ್ನು ಮೊದಲ ದಿನವೇ ಬಾಯಿಬಿಟ್ಟು ಮಾತನಾಡಿಕೊಳ್ಳದ ಗುಂಪು ಮೂರು ವಾರ ಬಾಳುವುದಿಲ್ಲ.

ಮಾಸ್ಕ್: ಯಾರಿಗೆ, ಯಾವುದು

ಮಕ್ಕಳಿಗೆ ಎಷ್ಟನೇ ವಯಸ್ಸಿನಿಂದ ಎಂಬುದರಲ್ಲಿ ತಜ್ಞರಲ್ಲೇ ಒಮ್ಮತವಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2020ರ ಆಗಸ್ಟ್‌ನಲ್ಲಿ ಹೇಳಿದ್ದು: ಐದು ಮತ್ತು ಅದಕ್ಕಿಂತ ಕೆಳಗಿನವರಿಗೆ ಕಡ್ಡಾಯ ಬೇಡ; ಆರರಿಂದ ಹನ್ನೊಂದರವರಿಗೆ ಸ್ಥಳೀಯ ಹರಡುವಿಕೆ, ಮಗುವಿನ ಸಾಮರ್ಥ್ಯ, ಕಲಿಕೆಯ ಮೇಲಿನ ಪರಿಣಾಮ, ಮನೆಯಲ್ಲಿರುವ ಹಿರಿಯರು ಇವೆಲ್ಲ ನೋಡಿ ನಿರ್ಧರಿಸಿ; ಹನ್ನೆರಡಾದವರಿಗೆ ದೊಡ್ಡವರ ನಿಯಮವೇ. ಅದೇ ಹೊತ್ತಿನಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಎರಡು ವರ್ಷದಿಂದಲೇ ತೊಡಿಸಿ ಎನ್ನುತ್ತಿತ್ತು. ಎರಡು ವರ್ಷದೊಳಗಿನ ಕೂಸಿಗೆ ಬೇಡವೇ ಬೇಡ ಎಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ. ನನ್ನ ಅಳತೆ ಸರಳ: ಉಸಿರುಗಟ್ಟಿದರೆ ತಾನೇ ಬಿಚ್ಚಿಕೊಳ್ಳಲು ಬಾರದ ಮಗುವಿಗೆ ತೊಡಿಸಬೇಡಿ.

ಬಟ್ಟೆಯದ್ದು ಎಲ್ಲಕ್ಕಿಂತ ಅಗ್ಗ, ಒಗೆದು ಮತ್ತೆ ತೊಡಬಹುದು, ಮಕ್ಕಳಿಗೆ ಹಿತ. ರಕ್ಷಣೆಯಲ್ಲಿ ಎಲ್ಲಕ್ಕಿಂತ ಹಿಂದೆ. ಬಾಂಗ್ಲಾದೇಶದ ಸುಮಾರು 600 ಹಳ್ಳಿಗಳಲ್ಲಿ 2020ರ ಕೊನೆಯಿಂದ ನಡೆದ ದೊಡ್ಡ ಪ್ರಯೋಗದಲ್ಲಿ ಸರ್ಜಿಕಲ್ ಮಾಸ್ಕ್ ಹಂಚಿದ ಕಡೆ ಲಕ್ಷಣ ಸಹಿತ ಸೋಂಕು ಶೇ 11ರಷ್ಟು ತಗ್ಗಿತು. ಬಟ್ಟೆಯದ್ದು ಹಂಚಿದ ಕಡೆ ಸ್ಪಷ್ಟ ಫಲ ಕಾಣಲಿಲ್ಲ. ಆ ಹಳ್ಳಿಗಳಲ್ಲಿ ಸರಿಯಾಗಿ ತೊಟ್ಟವರು ಅರ್ಧಕ್ಕಿಂತ ಕಡಿಮೆ ಜನ, ಪ್ರಯೋಗ ನಡೆದದ್ದು ದೊಡ್ಡವರ ಮೇಲೆ ಎಂಬುದನ್ನೂ ನೆನಪಿಡಬೇಕು. ಮಾಸ್ಕ್ ಮಂತ್ರದಂಡವೂ ಅಲ್ಲ, ನಿರುಪಯೋಗಿಯೂ ಅಲ್ಲ.

ಸರ್ಜಿಕಲ್ ಮಾಸ್ಕ್ ಮಧ್ಯಮ ಮಾರ್ಗ. ಇದರ ಬಟ್ಟೆ ಚೆನ್ನಾಗಿ ಸೋಸುತ್ತದೆ, ಆದರೆ ಕೆನ್ನೆಯ ಪಕ್ಕದ ಸಂದಿನಲ್ಲಿ ಗಾಳಿ ಸೋರುತ್ತದೆ. ಕಿವಿಯ ದಾರವನ್ನು ಮಾಸ್ಕಿನ ಅಂಚಿಗೆ ಹತ್ತಿರ ಗಂಟು ಹಾಕಿ, ಪಕ್ಕಕ್ಕೆ ಉಬ್ಬುವ ಮಡಿಕೆಯನ್ನು ಒಳಗೆ ಸೇರಿಸಿದರೆ ಚಿಕ್ಕ ಮುಖಕ್ಕೂ ಕೂರುತ್ತದೆ. ಮಗಳಿಗೆ ಇದನ್ನು ಮಾಡಲು ಕಲಿಸಿದ್ದು ಒಂದು ಭಾನುವಾರ. ಸೋಮವಾರ ಸಂಜೆ ಅವಳು ತರಗತಿಯ ಆರು ಮಕ್ಕಳಿಗೆ ಗಂಟು ಹಾಕಿಕೊಟ್ಟು ಬಂದಿದ್ದಳು.

ಎನ್95 ಮಾಸ್ಕ್ ಗಾಳಿಯಲ್ಲಿನ ಕಣಗಳಲ್ಲಿ ಕನಿಷ್ಠ ಶೇ 95ನ್ನು, ಯುರೋಪಿನ ಎಫ್‌ಎಫ್‌ಪಿ2 ಮತ್ತು ಕೊರಿಯದ ಕೆಎಫ್94 ಶೇ 94ನ್ನು ತಡೆಯುವ ದರ್ಜೆಯವು. ಮುಖಕ್ಕೆ ಅಂಟಿ ಕೂತರೆ ಮಾತ್ರ ಈ ಅಂಕಿಗೆ ಅರ್ಥ. ಎನ್95 ಪ್ರಮಾಣಪತ್ರ ದುಡಿಯುವ ದೊಡ್ಡವರಿಗಾಗಿ ಮಾಡಿದ್ದು, ಮಕ್ಕಳ ಅಳತೆಗೆ ಅದಿಲ್ಲ. "ಮಕ್ಕಳ ಎನ್95" ಎಂದು ಬರೆದಿದ್ದರೆ ಅನುಮಾನಿಸಿ. ಕೆಎಫ್94ರಲ್ಲಿ ಚಿಕ್ಕ ಅಳತೆಗಳಿವೆ. ಕನ್ನಡಕ ತೊಡಿಸಿ ನೋಡಿ, ಗಾಜು ಮಂಜಾದರೆ ಮೂಗಿನ ಬಳಿ ಸೋರುತ್ತಿದೆ. ಇವನ್ನು ಒಗೆಯಬಾರದು, ಒಗೆದರೆ ಸೋಸುವ ಗುಣ ಹೋಗುತ್ತದೆ. ಒಂದಷ್ಟನ್ನು ಇಟ್ಟುಕೊಂಡು ದಿನಕ್ಕೊಂದರಂತೆ ತೊಡಿಸಿ, ಕಾಗದದ ಚೀಲದಲ್ಲಿ ಒಣಗಲು ಬಿಟ್ಟು ಸರದಿಯಲ್ಲಿ ಬಳಸಿದರೆ ಖರ್ಚು ಹಿಡಿತದಲ್ಲಿರುತ್ತದೆ. ಕವಾಟವಿರುವ ಮಾಸ್ಕ್ ಬೇಡ, ಅದು ತೊಟ್ಟವರನ್ನು ಕಾಯ್ದು ಉಸಿರನ್ನು ಸೋಸದೆ ಹೊರಬಿಡುತ್ತದೆ.

ಹಣ ಕಡಿಮೆಯಿದ್ದರೆ ಎಲ್ಲ ದಿನಕ್ಕೂ ದುಬಾರಿ ಮಾಸ್ಕ್ ಬೇಕಿಲ್ಲ. ಕಿಟಕಿ ತೆರೆದ ತರಗತಿಗೆ ಸರ್ಜಿಕಲ್ ಸಾಕು. ಕಿಕ್ಕಿರಿದ ಶಾಲಾ ಬಸ್ಸಿಗೆ ಒಳ್ಳೆಯದನ್ನು ಮೀಸಲಿಡಿ. ಬಯಲಿನ ಆಟಕ್ಕೆ ಯಾವುದೂ ಬೇಡ. ಕಿವಿ ಕೇಳದ ಮಗು ತರಗತಿಯಲ್ಲಿದ್ದರೆ ಶಿಕ್ಷಕರಿಗೆ ಪಾರದರ್ಶಕ ಮಾಸ್ಕ್ ಕೊಡಿಸಿ ಎಂದು ನೀವೇ ಕೇಳಿ, ಆ ಮಗು ನಿಮ್ಮದಲ್ಲದಿದ್ದರೂ. ಒಂದು ಬಿಡಿ ಮಾಸ್ಕ್ ಚೀಲದಲ್ಲಿ ಯಾವಾಗಲೂ ಇರಲಿ. ನಮ್ಮ ಮಗಳು ಮೊದಲ ವಾರವೇ ನೀಲಿಯದನ್ನು ತೊಟ್ಟು ಹೋಗಿ, ಡೈನೋಸಾರ್ ಚಿತ್ರವಿರುವುದನ್ನು ತೊಟ್ಟು ಬಂದಳು. ಗೆಳತಿಯೊಡನೆ ಅದಲುಬದಲು ಮಾಡಿಕೊಂಡಿದ್ದಳು, ಒಳಭಾಗ ಇನ್ನೂ ಒದ್ದೆಯಾಗಿತ್ತು.

ನಮ್ಮ ಪತ್ರದ ಕಥೆ ಹೀಗೆ ಮುಗಿಯಿತು. ಅಮ್ಮನ ಎರಡನೆಯ ಡೋಸಿಗೆ ಇನ್ನೂ ಐದು ವಾರವಿತ್ತು. ಅಷ್ಟು ದಿನ ಆನ್‌ಲೈನ್, ಡೋಸ್ ಆಗಿ ಎರಡು ವಾರ ಕಳೆದ ಮೇಲೆ ಪೂರ್ತಿ ಶಾಲೆ, ಕಿಟಕಿಯ ಪಕ್ಕದ ಬೆಂಚು ಎಂದು ಬರೆದೆವು. ಚೌಕದೊಳಗೆ ಅಷ್ಟು ಹಿಡಿಸಲಿಲ್ಲ. ಹಾಳೆಯೂ ತೂತಾಗಿತ್ತಲ್ಲ, ಶಾಲೆಯ ಕಚೇರಿಯಿಂದ ಹೊಸದೊಂದನ್ನು ಕೇಳಿ ತಂದು, ಹಿಂಬದಿಯಲ್ಲಿ ಬರೆದು, ಈ ಸಲ ಪೆನ್ನಿನಲ್ಲಿ ಇಬ್ಬರೂ ಸಹಿ ಹಾಕಿದೆವು.